ಏರಿಕೆಯ ಜೋರು ಅಳೆದವರು

ಸಿಂಧನೂರಿನ ಗಂಜಿನಲ್ಲಿ ಸುಗ್ಗಿಯ ದಿನಗಳಲ್ಲಿ ನೆಲ್ಲಿನ ರೇಟಿನ ಬಗ್ಗೆ ಮೂರು ಪ್ರಶ್ನೆಗಳಿರುತ್ತವೆ. ಇವತ್ತು ಚೀಲಕ್ಕೆ ಎಷ್ಟು ಎಂಬುದು ಮೊದಲನೆಯದು. ನಿನ್ನೆಗಿಂತ ಎಷ್ಟು ಜಾಸ್ತಿ ಎಂಬುದು ಎರಡನೆಯದು. ಮೂರನೆಯದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಪಳಗಿದ ದಲಾಲಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ: ಮೊನ್ನೆ 30 ರೂಪಾಯಿ ಏರಿತ್ತು, ನಿನ್ನೆ 20, ಇವತ್ತು 8. ರೇಟು ಇನ್ನೂ ಮೇಲಕ್ಕೇ ಹೋಗುತ್ತಿದೆ, ಆದರೆ ಏರುವ ಜೋರು ಇಳಿಯುತ್ತಿದೆ. ಈ ಮೂರನೆಯ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡಲು ಹೊರಟವರು ಮಾಡಿದ್ದೇ ಷೇರುಪೇಟೆಯ ಮೊಮೆಂಟಮ್ ಇಂಡಿಕೇಟರ್‌ಗಳು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಎಲ್ಲೇ ಆಗಲಿ, ಡಿಮ್ಯಾಟ್ ಖಾತೆ ತೆರೆದ ಹುಡುಗರ ಫೋನಿಗೆ ಆ ಉತ್ತರ ಈಗ ಸಿದ್ಧವಾಗಿಯೇ ಬರುತ್ತದೆ. ಚಾರ್ಟಿನ ಕೆಳಗೆ ಏಳುಬೀಳಿನ ಒಂದು ಗೆರೆ, ಅದಕ್ಕೆ ಆರ್‌ಎಸ್‌ಐ ಎಂಬ ಹೆಸರು, ಪಕ್ಕದಲ್ಲಿ 14 ಎಂಬ ಅಂಕಿ, 70ರಲ್ಲೊಂದು ಮತ್ತು 30ರಲ್ಲೊಂದು ಗಡಿ. 70 ದಾಟಿದರೆ ಮಾರು, 30ಕ್ಕಿಂತ ಕೆಳಗಿಳಿದರೆ ಕೊಳ್ಳು ಎಂದು ಯೂಟ್ಯೂಬಿನ ಗುರುಗಳು ಹೇಳಿಕೊಟ್ಟಿರುತ್ತಾರೆ. ಅದೇ ಫೋನಿನಲ್ಲಿ ಮೊಮೆಂಟಮ್ ಫಂಡುಗಳೂ ಸಿಗುತ್ತವೆ. ಅವುಗಳ ಸೂತ್ರವಾದರೋ ಏರಿದ್ದನ್ನೇ ಕೊಳ್ಳುವುದು. ಹೆಸರು ಒಂದೇ, ಬುದ್ಧಿಮಾತು ಎರಡು, ಅವೆರಡೂ ಎದುರುಬದುರು. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಇವನ್ನು ಯಾರು ಯಾವ ಕೆಲಸಕ್ಕೆ ಕೂತಾಗ ಕಂಡುಕೊಂಡರು ಎಂದು ನೋಡಬೇಕು.

ಲೆಕ್ಕಕ್ಕಿಂತ ಮೊದಲು ಗಾದೆಯಂಥ ತಿಳಿವಳಿಕೆ ಇತ್ತು. ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಲಂಡನ್ನಿನ ಷೇರುಪೇಟೆಯಲ್ಲೇ ದುಡ್ಡು ಮಾಡಿದವನು. ನಷ್ಟವನ್ನು ಬೇಗ ಕತ್ತರಿಸಬೇಕು, ಲಾಭ ಓಡುತ್ತಿದ್ದರೆ ಓಡಲು ಬಿಡಬೇಕು ಎಂಬುದು ಅವನ ಪದ್ಧತಿಯಾಗಿತ್ತೆಂದು ಜೇಮ್ಸ್ ಗ್ರ್ಯಾಂಟ್ ಎಂಬ ಲೇಖಕ 1838ರಲ್ಲಿ ಬರೆದಿಟ್ಟ. ಅದನ್ನು ಅಂಕಿಗಳ ಒರೆಗೆ ಹಚ್ಚಿ ನೋಡಲು ಇನ್ನೂ 100 ವರ್ಷ ಬೇಕಾಯಿತು. ನೋಡಿದವನೂ ಬೇರೇನನ್ನೋ ಹುಡುಕುತ್ತಿದ್ದವನು.

ಮಸ್ಕಿಯ ಜನರಿಗೆ ಇಂಥ ಕತೆ ಹೊಸದಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಅಲ್ಲಿನ ಗುಡ್ಡದಲ್ಲಿ ಚಿನ್ನದ ಜಾಡು ಹಿಡಿದು ತಿರುಗುವಾಗ ಅಶೋಕನ ಶಾಸನ ಕಂಡ. ದೇವಾನಾಂಪ್ರಿಯ ಎಂದು ಬೇರೆಡೆ ಬರೆಸಿಕೊಂಡ ರಾಜ ಅಶೋಕನೇ ಎಂಬುದು ಗಟ್ಟಿಯಾಗಿದ್ದು ಆ ಬಂಡೆಯಲ್ಲಿದ್ದ ಹೆಸರಿನಿಂದ. ಅಮೆರಿಕದ ಆಲ್‌ಫ್ರೆಡ್ ಕೌಲ್ಸ್‌ನ ಕತೆಯೂ ಸ್ವಲ್ಪ ಹೀಗೆಯೇ. 1929ರ ಕುಸಿತವನ್ನು ಷೇರು ಪಂಡಿತರು ಮೊದಲೇ ಹೇಳಲಿಲ್ಲವೇಕೆ ಎಂಬ ಅನುಮಾನ ಅವನಿಗೆ ಹುಟ್ಟಿತು. ಹಣವಂತ, ಸಂಶೋಧನೆಗೆಂದೇ ಒಂದು ಆಯೋಗ ಕಟ್ಟಿದ, ಪಂಡಿತರ ಸಲಹೆಗಳನ್ನು ಒಂದೊಂದಾಗಿ ಅಳೆದ. ಪೇಟೆಯ ಭವಿಷ್ಯ ಹೇಳಲು ಅವರಿಂದಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ ಎಂದು 1933ರಲ್ಲಿ ಪ್ರಕಟಿಸಿದ. ಹರ್ಬರ್ಟ್ ಜೋನ್ಸ್ ಜತೆ ಪೇಟೆಯ ಹಳೆಯ ಅಂಕಿಗಳನ್ನು ಕೆದಕಿದಾಗ ಬಯಸದೇ ಇದ್ದದ್ದು ಸಿಕ್ಕಿತು. ಈ ತಿಂಗಳು ಏರಿದ ಪೇಟೆ ಮುಂದಿನ ತಿಂಗಳೂ ಏರುವ ಸಂಭವ, ಇಳಿಯುವ ಸಂಭವಕ್ಕಿಂತ ಹೆಚ್ಚಾಗಿ ಕಂಡಿತು. 1937ರಲ್ಲಿ ಇಬ್ಬರೂ ಅದನ್ನು ಅಚ್ಚು ಹಾಕಿಸಿದರು.

ಅದರ ಮೇಲೆ ತಣ್ಣೀರು ಸುರಿದವನು ಷೇರಿನ ಮನುಷ್ಯನಲ್ಲ, ಧಾನ್ಯದ ಮನುಷ್ಯ. ಸ್ಟ್ಯಾನ್‌ಫರ್ಡ್‌ನಲ್ಲಿ ಗೋಧಿ ಬೆಲೆಗಳ ಅಧ್ಯಯನ ಮಾಡಿಕೊಂಡಿದ್ದ ಹಾಲ್ಬ್ರೂಕ್ ವರ್ಕಿಂಗ್ 1960ರಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದ. ದಿನದಿನದ ಬೆಲೆ ನಾಣ್ಯ ಚಿಮ್ಮಿದಂತೆ ಗೊತ್ತುಗುರಿಯಿಲ್ಲದೆ ಓಡಾಡುತ್ತಿದ್ದರೂ ಅದನ್ನು ತಿಂಗಳ ಸರಾಸರಿ ಮಾಡಿಟ್ಟರೆ, ಒಂದು ತಿಂಗಳ ಬದಲಾವಣೆಗೂ ಮುಂದಿನ ತಿಂಗಳ ಬದಲಾವಣೆಗೂ ಸುಳ್ಳು ನಂಟೊಂದು ಹುಟ್ಟಿಕೊಳ್ಳುತ್ತದೆ. ಅದರ ಪ್ರಮಾಣ ಕಾಲುಭಾಗದಷ್ಟಿರುತ್ತದೆ ಎಂದು ಲೆಕ್ಕ ಮಾಡಿಯೇ ತೋರಿಸಿದ. ಸರಾಸರಿ ಬೆಲೆಗಳನ್ನು ನೆಚ್ಚಿದ್ದ ಕೌಲ್ಸ್ ಅದೇ ವರ್ಷ ತನ್ನ ಹಳೆಯ ತೀರ್ಮಾನವನ್ನು ತಿದ್ದಿ ಬರೆದ. ಎಪಿಎಂಸಿಯ ಮಾಸಿಕ ಸರಾಸರಿ ಪಟ್ಟಿ ಹಿಡಿದು ತೇಜಿ ಬಂತು, ಮಂದಿ ಬಂತು ಎಂದು ವಾದಿಸುವವರಿಗೆ ಈ ಟಿಪ್ಪಣಿ ಓದಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಪಂಡಿತರು ಹೀಗೆ ಕಟ್ಟುತ್ತ ಕೆಡವುತ್ತ ಇದ್ದಾಗ ಪೇಟೆಯೊಳಗಿನವರು ತಮ್ಮ ಪಾಡಿಗೆ ಅಳತೆಗೋಲು ಕೆತ್ತುತ್ತಿದ್ದರು. 1950ರ ದಶಕದಲ್ಲಿ ಶಿಕಾಗೋದ ಇನ್ವೆಸ್ಟ್‌ಮೆಂಟ್ ಎಜುಕೇಟರ್ಸ್ ಎಂಬ ತರಬೇತಿ ಸಂಸ್ಥೆಯಲ್ಲಿ ಜಾರ್ಜ್ ಲೇನ್ ಮತ್ತು ಸಂಗಡಿಗರು ಕೈಲೆಕ್ಕದಲ್ಲೇ ಹತ್ತಾರು ಸೂತ್ರಗಳನ್ನು ಪರೀಕ್ಷಿಸಿದರು. ಅವುಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಗುರುತು ಹಾಕುತ್ತ ಹೋದರೆಂದು ಹೇಳುತ್ತಾರೆ. ಸ್ಟೊಕ್ಯಾಸ್ಟಿಕ್ ಇಂಡಿಕೇಟರ್‌ನ ಎರಡು ಗೆರೆಗಳಿಗೆ ಇಂದಿಗೂ ಕೆ, ಡಿ ಎಂಬ ಅಕ್ಷರಗಳೇ ಹೆಸರಾಗಿ ಉಳಿದಿವೆ. ಸೂತ್ರ ಸರಳ: ಕಳೆದ ಇಷ್ಟು ದಿನಗಳ ಅತಿ ಕಡಿಮೆ ಬೆಲೆ ಸೊನ್ನೆ, ಅತಿ ಹೆಚ್ಚು ಬೆಲೆ 100 ಎಂದಿಟ್ಟುಕೊಂಡರೆ ಇವತ್ತಿನ ಮುಕ್ತಾಯದ ಬೆಲೆ ಎಲ್ಲಿ ನಿಂತಿದೆ? ಮೇಲೆ ಹಾರಿದ ರಾಕೆಟ್ಟು ಕೆಳಗೆ ತಿರುಗುವ ಮೊದಲು ನಿಧಾನವಾಗಲೇಬೇಕು, ಬೆಲೆಗಿಂತ ಮೊದಲು ವೇಗ ದಿಕ್ಕು ಬದಲಿಸುತ್ತದೆ ಎಂಬುದು ಲೇನ್ ಹೇಳುತ್ತಿದ್ದ ಕಾರಣ. ಅದೇ ಸಂಸ್ಥೆಯ ರಾಲ್ಫ್ ಡಿಸ್ಟಂಟ್‌ಗೂ ಇದರ ಶ್ರೇಯಸ್ಸು ಸಲ್ಲಬೇಕು ಎನ್ನುವವರಿದ್ದಾರೆ. ರಾಕೆಟ್ಟಿನ ಮಾತು ಕೇಳಲು ಚೆನ್ನ, ಆದರೆ ರಾಕೆಟ್ಟಿಗೆ ಗುರುತ್ವಾಕರ್ಷಣೆ ಇದೆ, ಷೇರಿಗಿಲ್ಲ. ನಿಧಾನವಾದ ಷೇರು ಮತ್ತೆ ಜೋರು ಹಿಡಿದು ಮೇಲೇರುವುದನ್ನು ಯಾವ ಭೌತಶಾಸ್ತ್ರವೂ ತಡೆಯುವುದಿಲ್ಲ.

ಫೋನಿನಲ್ಲಿ ಕಾಣುವ 14, 70, 30ಕ್ಕೆ ಬರೋಣ. ಇವುಗಳ ಒಡೆಯ ಜೆ. ವೆಲ್ಸ್ ವೈಲ್ಡರ್. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ನಡುವೆ ಮಾಡಿದ್ದು ಮನೆ-ನಿವೇಶನಗಳ ವ್ಯವಹಾರ, ಕೊನೆಗೆ ಇಳಿದದ್ದು ಸರಕುಗಳ ವಾಯಿದೆ ಪೇಟೆಗೆ. ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋ ಎಂಬ ಊರಿನಿಂದ 1978ರಲ್ಲಿ ತಾನೇ ಒಂದು ಪುಸ್ತಕ ಪ್ರಕಟಿಸಿದ. ಆರ್‌ಎಸ್‌ಐ ಇರುವುದು ಅದರಲ್ಲೇ. ಇಂದಿನ ಚಾರ್ಟುಗಳಲ್ಲಿ ಕಾಣುವ ಎಡಿಎಕ್ಸ್, ಎಟಿಆರ್, ಪ್ಯಾರಾಬೋಲಿಕ್ ಎಸ್‌ಎಆರ್ ಕೂಡ ಅದೇ ಪುಸ್ತಕದವು. ಒಬ್ಬನ ಒಂದೇ ಪುಸ್ತಕ ಹೀಗೆ ಇಡೀ ಜಗತ್ತಿನ ಪರದೆಗಳ ಮೇಲೆ ಕೂತ ಉದಾಹರಣೆ ಈ ವಿದ್ಯೆಯಲ್ಲಿ ಮತ್ತೊಂದಿಲ್ಲ.

ವೈಲ್ಡರ್ ಎದುರಿಗಿದ್ದದ್ದು ಹಳೆಯ ಸಾದಾ ಲೆಕ್ಕ. ಇವತ್ತಿನ ಬೆಲೆಯಿಂದ 10 ದಿನದ ಹಿಂದಿನ ಬೆಲೆ ಕಳೆಯಬೇಕು, ಉಳಿದದ್ದೇ ಮೊಮೆಂಟಮ್. ಅದರಲ್ಲಿ ಅವನಿಗೆ ಮೂರು ತೊಡಕು ಕಂಡವು. ಮೊದಲನೆಯದನ್ನು ನೆಲ್ಲಿನ ಚೀಲದಲ್ಲೇ ನೋಡಬಹುದು. 10 ದಿನದ ಹಿಂದೆ 75 ಕೆಜಿ ಚೀಲಕ್ಕೆ 1,600 ರೂಪಾಯಿ ಇತ್ತು, ಅದರ ಮರುದಿನ ಒಮ್ಮೆಲೇ 1,700ಕ್ಕೆ ಹಾರಿತ್ತು ಎನ್ನಿ. ಇವತ್ತು 1,720, ಹಾಗಾಗಿ ಮೊಮೆಂಟಮ್ 120. ನಾಳೆಯೂ 1,720ರಲ್ಲೇ ನಿಂತರೆ 1,720ರಲ್ಲಿ 1,700 ಕಳೆದು 20. ಪೇಟೆಯಲ್ಲಿ ಒಂದು ರೂಪಾಯಿಯೂ ಕದಲಿಲ್ಲ, ಅಳತೆ ಮಾತ್ರ 120ರಿಂದ 20ಕ್ಕೆ ಬಿತ್ತು. ಬಿದ್ದದ್ದು ಇವತ್ತಿನ ಸುದ್ದಿಯಿಂದಲ್ಲ, ಲೆಕ್ಕದಿಂದ ಆಚೆ ಹೋದ ಹಳೆಯ ದಿನದಿಂದ.

ಎರಡನೆಯ ತೊಡಕು ಅಳತೆಯ ಮಾನದ್ದು. 120 ಎಂದರೆ ಹೆಚ್ಚೋ ಕಡಿಮೆಯೋ? ಅವನ ಪೇಟೆಯಲ್ಲಿ ಬೆಳ್ಳಿ ಔನ್ಸಿನ ಲೆಕ್ಕ, ಸೋಯಾ ಬುಶೆಲ್ಲಿನ ಲೆಕ್ಕ. ನಮ್ಮ ಕಡೆಯದ್ದನ್ನೇ ತೆಗೆದುಕೊಳ್ಳಿ: ನೆಲ್ಲು ಚೀಲದಲ್ಲಿ, ಹತ್ತಿ ಕ್ವಿಂಟಲಿನಲ್ಲಿ, ಚಿನ್ನ 10 ಗ್ರಾಮಿನಲ್ಲಿ. ನೆಲ್ಲಿನ 120ಕ್ಕೂ ಚಿನ್ನದ 120ಕ್ಕೂ ಎಲ್ಲಿಯ ಹೋಲಿಕೆ? (ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ ಸರ್ಕಾರದ ಒಡೆತನದ್ದು, ಅದರ ಷೇರು ಪೇಟೆಯಲ್ಲಿಲ್ಲ, ಹಾಗಾಗಿ ಚಾರ್ಟೂ ಇಲ್ಲ. ಚಿನ್ನದ ಬೆಲೆಗೆ ಮಾತ್ರ ಇದೆ.) ಮೂರನೆಯದು ಹಳೆಯ ಬೆಲೆಗಳ ಉದ್ದನೆಯ ಪಟ್ಟಿಯನ್ನು ದಿನವೂ ಇಟ್ಟುಕೊಳ್ಳುವ ಕಷ್ಟ. ಅದು ಕ್ಯಾಲ್ಕುಲೇಟರ್ ಮತ್ತು ಗೆರೆ ಹಾಕಿದ ಹಾಳೆಯ ಕಾಲ.

ಮೂರಕ್ಕೂ ಅವನು ಒಂದೇ ಸೂತ್ರದಲ್ಲಿ ಉತ್ತರ ಹುಡುಕಿದ. 14 ದಿನಗಳಲ್ಲಿ ಏರಿದ್ದನ್ನೆಲ್ಲ ಒಂದು ಕಡೆ ಕೂಡಿ 14ರಿಂದ ಭಾಗಿಸಬೇಕು, ಇಳಿದದ್ದನ್ನೆಲ್ಲ ಇನ್ನೊಂದು ಕಡೆ ಕೂಡಿ 14ರಿಂದ ಭಾಗಿಸಬೇಕು. ಏರಿದ್ದು ಒಟ್ಟು 140 ರೂಪಾಯಿಯಾದರೆ ಸರಾಸರಿ 10, ಇಳಿದದ್ದು 56 ಆದರೆ ಸರಾಸರಿ 4. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 2.5. ಇದಕ್ಕೆ 1 ಕೂಡಿಸಿ, ಬಂದ 3.5ರಿಂದ 100ನ್ನು ಭಾಗಿಸಿ, ಅದನ್ನು 100ರಿಂದ ಕಳೆದರೆ 71 ಮತ್ತು ಚಿಲ್ಲರೆ. ಇಡೀ ಕಸರತ್ತಿನ ತಾತ್ಪರ್ಯ ಇಷ್ಟೇ: ಒಟ್ಟು ಓಡಾಟದಲ್ಲಿ ಏರಿಕೆಯ ಪಾಲು ಶೇ 71. ನೆಲ್ಲಾಗಲಿ ಚಿನ್ನವಾಗಲಿ ಈ ಅಂಕಿ ಸೊನ್ನೆ ಮತ್ತು 100ರ ಆಚೆ ಹೋಗಲಾರದು.

ಅವನ ಇಂಜಿನಿಯರ್ ಬುದ್ಧಿ ಕಾಣುವುದು ಮರುದಿನದ ಲೆಕ್ಕದಲ್ಲಿ. ಹಳೆಯ 14 ಬೆಲೆಗಳನ್ನು ಮತ್ತೆ ಕೂಡುವ ಗೋಜೇ ಇಲ್ಲ. ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನ ಏರಿಕೆ ಸೇರಿಸಿ, 14ರಿಂದ ಭಾಗಿಸಿದರೆ ಮುಗಿಯಿತು. ಇವತ್ತು 24 ರೂಪಾಯಿ ಏರಿದರೆ 10 ಇದ್ದ ಸರಾಸರಿ 11 ಆಗುತ್ತದೆ, ಇಳಿಕೆಯ 4 ಎಂಬುದು 3.71ಕ್ಕೆ ಕರಗುತ್ತದೆ, ಆರ್‌ಎಸ್‌ಐ 75ರ ಹತ್ತಿರಕ್ಕೆ ಬರುತ್ತದೆ. ಎರಡು ಅಂಕಿ ನೆನಪಿಟ್ಟುಕೊಂಡರೆ ಸಾಕು. ಹಳೆಯ ದಿನ ಒಮ್ಮೆಲೇ ಕಳಚಿಬೀಳದೆ ಕ್ರಮೇಣ ಸವೆಯುವುದರಿಂದ ಮೊದಲ ತೊಡಕೂ ನೀಗಿತು. ಇದಕ್ಕೊಂದು ಅಡ್ಡಪರಿಣಾಮ ಇದೆ. ಈ ಸರಾಸರಿ ಹಿಂದಿನದ್ದನ್ನೆಲ್ಲ ಸ್ವಲ್ಪ ಸ್ವಲ್ಪ ಹೊತ್ತುಕೊಂಡೇ ಬರುತ್ತದೆ, ಹಾಗಾಗಿ ಲೆಕ್ಕ ಯಾವ ದಿನದಿಂದ ಶುರುವಾಯಿತು ಎಂಬುದರ ಮೇಲೆ ಉತ್ತರ ತುಸು ಬದಲಾಗುತ್ತದೆ. ಒಂದೇ ಷೇರಿಗೆ ಎರಡು ಆ್ಯಪ್‌ಗಳು ಬೇರೆಬೇರೆ ಆರ್‌ಎಸ್‌ಐ ತೋರಿಸಿದಾಗ ಮೋಸವೇನೋ ಎಂದು ಜಗಳವಾಡುವವರಿಗೆ ಇದು ಗೊತ್ತಿರುವುದಿಲ್ಲ.

ಹಾಗಾದರೆ 14 ಏಕೆ? ಚಂದ್ರನ 28 ದಿನಗಳ ಆವರ್ತದ ಅರ್ಧ ಎಂಬುದು ವೈಲ್ಡರ್ ಕೊಟ್ಟ ಕಾರಣ. ಪಂಚಾಂಗದಲ್ಲಿ ಪಕ್ಷ ನೋಡಿ ಬೆಳೆದ ನಮಗೆ ಇದು ಆಪ್ತವೆನಿಸಬಹುದು. ಆದರೆ ವಾರಕ್ಕೆ ಐದೇ ದಿನ ತೆರೆಯುವ ಪೇಟೆಯಲ್ಲಿ 14 ವಹಿವಾಟಿನ ದಿನ ಎಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ 20 ದಿನ. ಚಂದ್ರನ ಲೆಕ್ಕಕ್ಕೂ ಅದು ಸರಿಹೊಂದುವುದಿಲ್ಲ. 70 ಮತ್ತು 30 ಕೂಡ ಚಾರ್ಟುಗಳನ್ನು ನೋಡಿ ನೋಡಿ ಕಣ್ಣಂದಾಜಿನಲ್ಲಿ ಎಳೆದ ಗಡಿಗಳು. ಸರ್ಕಾರಿ ದರಪಟ್ಟಿಯಂತೆ ಇವನ್ನು ಪಾಲಿಸುವ ಅಗತ್ಯವೇನೂ ಇಲ್ಲ. ಇನ್ನೊಂದು ಮಾತು: 70 ದಾಟಿದ ಕೂಡಲೇ ಮಾರು ಎಂದಷ್ಟೇ ವೈಲ್ಡರ್ ಹೇಳಲಿಲ್ಲ. ಬೆಲೆ ಹೊಸ ಎತ್ತರ ಮುಟ್ಟುತ್ತಿದ್ದಾಗ ಆರ್‌ಎಸ್‌ಐ ಹೊಸ ಎತ್ತರ ಮುಟ್ಟದೆ ಹಿಂದೆ ಬಿದ್ದರೆ, ಅಂದರೆ ನಮ್ಮ ದಲಾಲಿಯ 30, 20, 8ರ ಲೆಕ್ಕ ಪರದೆಯ ಮೇಲೆ ಕಂಡರೆ, ಆ ಬಿರುಕಿಗೇ ಅವನು ಹೆಚ್ಚು ಬೆಲೆ ಕೊಟ್ಟ. ಪೇಟೆಗೆ ದಿಕ್ಕಿದೆಯೋ ಇಲ್ಲವೋ ಎಂದು ಅಳೆಯಲು ಎಡಿಎಕ್ಸ್ ಬೇರೆ ಮಾಡಿಕೊಟ್ಟಿದ್ದ. ಪುಸ್ತಕದಿಂದ ಫೋನಿಗೆ ಬರುವ ದಾರಿಯಲ್ಲಿ ಉಳಿದದ್ದು ಎರಡು ಗಡಿಗೆರೆ ಮಾತ್ರ.

ಅದೇ 1970ರ ದಶಕದ ಕೊನೆಗೆ ಜೆರಾಲ್ಡ್ ಆ್ಯಪೆಲ್ ಎಂಬಾತ ಎಂಎಸಿಡಿ ರೂಪಿಸಿದ. ವೃತ್ತಿಯಿಂದ ಮನೋಚಿಕಿತ್ಸಕ. ವೇಗದ ಸರಾಸರಿಯೊಂದರಿಂದ ನಿಧಾನದ ಸರಾಸರಿಯನ್ನು ಕಳೆಯುವ ಲೆಕ್ಕ ಅದು, 12, 26, 9 ಎಂಬ ಅಂಕಿಗಳು ಅದಕ್ಕೆ ಅಂಟಿಕೊಂಡೇ ಬಂದಿವೆ. ಅವನಿಗಿಂತ ಮೊದಲೇ ಲ್ಯಾರಿ ವಿಲಿಯಮ್ಸ್ ಲೇನ್‌ನ ಸೂತ್ರವನ್ನು ತಲೆಕೆಳಗು ಮಾಡಿದಂಥ ಒಂದು ಅಳತೆ ಕೊಟ್ಟಿದ್ದ. 1987ರ ವಹಿವಾಟು ಸ್ಪರ್ಧೆಯೊಂದರಲ್ಲಿ ಆತ 10,000 ಡಾಲರನ್ನು ವರ್ಷದೊಳಗೆ 11 ಲಕ್ಷ ದಾಟಿಸಿದ. ಇಂಡಿಕೇಟರ್ ಮಾರುವವರು ಇಂದಿಗೂ ಈ ಕತೆಯನ್ನೇ ಮುಂದಿಡುತ್ತಾರೆ.

ಈಗ ಎರಡನೆಯ ಕುಟುಂಬದ, ಅಂದರೆ ಏರಿದ್ದನ್ನೇ ಕೊಳ್ಳು ಎನ್ನುವವರ ಕತೆ. 1967ರಲ್ಲಿ ರಾಬರ್ಟ್ ಲೆವಿ ಎಂಬ ಸಂಶೋಧಕ, ಕಳೆದ 27 ವಾರಗಳ ಸರಾಸರಿಗಿಂತ ಬಹಳ ಮೇಲಿರುವ ಷೇರುಗಳನ್ನು ಕೊಂಡರೆ ಪೇಟೆಗಿಂತ ಹೆಚ್ಚು ಲಾಭ ಎಂದು ಬರೆದ. ಮೈಕೆಲ್ ಜೆನ್ಸನ್ ಮತ್ತು ಜಾರ್ಜ್ ಬೆನಿಂಗ್ಟನ್ 1970ರಲ್ಲಿ ಅದನ್ನು ಹರಿದು ಹಾಕಿದರು. ಲೆವಿ ಒಂದೇ ಅಂಕಿರಾಶಿಯ ಮೇಲೆ 68 ನಿಯಮಗಳನ್ನು ಓಡಿಸಿ ನೋಡಿದ್ದ, ಅಷ್ಟು ಓಡಿಸಿದರೆ ಒಂದೆರಡು ಆಕಸ್ಮಿಕವಾಗಿಯೇ ಗೆದ್ದಂತೆ ಕಾಣುತ್ತವೆ ಎಂಬುದು ಅವರ ಆಕ್ಷೇಪ. ನ್ಯಾಯವಾದದ್ದೇ. ಇವತ್ತು ಫೋನಿನಲ್ಲಿ ಇಂಡಿಕೇಟರ್‌ಗಳ ಅಂಕಿ ಬದಲಿಸಿ ಬದಲಿಸಿ ಹಳೆಯ ಚಾರ್ಟಿಗೆ ಹೊಂದಿಸುವವರು ಮಾಡುವುದೂ ಅದನ್ನೇ. ಆದರೆ ಅಲ್ಲಿಗೆ ಪಂಡಿತರ ಲೋಕದಲ್ಲಿ ಆ ವಿಷಯ 20 ವರ್ಷ ಮಂಕಾಯಿತು.

ಬಾಗಿಲು ಮತ್ತೆ ತೆರೆದದ್ದು ಹಿಂಬದಿಯಿಂದ. ವರ್ನರ್ ಡಿ ಬಾಂಟ್ ಮತ್ತು ರಿಚರ್ಡ್ ಥೇಲರ್ 1985ರಲ್ಲಿ, ಹಲವು ವರ್ಷ ನೆಲಕಚ್ಚಿದ ಷೇರುಗಳು ಮುಂದಿನ ಮೂರು ವರ್ಷಗಳಲ್ಲಿ ಹಿಂದಿನ ಗೆಲುವಿನ ಷೇರುಗಳಿಗಿಂತ ಸುಮಾರು ಶೇ 25ರಷ್ಟು ಹೆಚ್ಚು ಕೊಟ್ಟವು ಎಂದು ತೋರಿಸಿದರು. ಅಂದರೆ ಸೋತದ್ದನ್ನು ಕೊಳ್ಳಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದಲ್ಲಿದ್ದ ನರಸಿಂಹನ್ ಜಗದೀಶ್ 1990ರಲ್ಲಿ ಒಂದು ತಿಂಗಳ ಅವಧಿಗೂ ಅಂಥದೇ ತಿರುಗುಬಾಣ ಕಂಡ: ಹೋದ ತಿಂಗಳು ಏರಿದ್ದು ಈ ತಿಂಗಳು ಹಿಂದೆ ಬೀಳುವ ಒಲವು ತೋರಿತು. ಹಾಗಿದ್ದರೆ ಏರಿದ್ದನ್ನು ಕೊಂಡೇ ಗೆಲ್ಲುತ್ತಿದ್ದ ಫಂಡ್ ವ್ಯವಸ್ಥಾಪಕರು ಹೇಗೆ ಬದುಕಿದ್ದರು? ಶೆರಿಡನ್ ಟಿಟ್‌ಮನ್ ಜತೆ ಸೇರಿ ಜಗದೀಶ್ ಒಂದು ತಿಂಗಳಿಗೂ ಮೂರು ವರ್ಷಕ್ಕೂ ನಡುವಿನ, ಯಾರೂ ಸರಿಯಾಗಿ ತಡವಿರದ ಅವಧಿಯನ್ನು ನೋಡಿದ. 1965ರಿಂದ 1989ರವರೆಗಿನ ಅಮೆರಿಕದ ಷೇರುಗಳಲ್ಲಿ, ಹಿಂದಿನ ಆರು ತಿಂಗಳು ಗೆದ್ದವನ್ನು ಕೊಂಡು, ಸೋತವನ್ನು ಮಾರಿ, ಆರು ತಿಂಗಳು ಸುಮ್ಮನಿದ್ದರೆ ವರ್ಷಕ್ಕೆ ಸರಾಸರಿ ಶೇ 12ರಷ್ಟು ಗಳಿಕೆ ಕಂಡಿತು. 1993ರಲ್ಲಿ ಪ್ರಕಟವಾದ ಆ ಪ್ರಬಂಧವೇ ಇಂದಿನ ಮೊಮೆಂಟಮ್ ಫಂಡುಗಳ ಮೂಲ.

ಎದುರುಬದುರು ನಿಂತ ಎರಡು ಬುದ್ಧಿಮಾತುಗಳ ಗುಟ್ಟು ಇಲ್ಲಿದೆ. ಒಂದು ತಿಂಗಳೊಳಗಿನ ಜೋರು ಹಿಂದಕ್ಕೆ ಬೀಳುವ ಒಲವುಳ್ಳದ್ದು. 3ರಿಂದ 12 ತಿಂಗಳ ಜೋರು ಮುಂದುವರಿಯುವ ಒಲವುಳ್ಳದ್ದು. 3ರಿಂದ 5 ವರ್ಷದ್ದು ಮತ್ತೆ ಹಿಂದಕ್ಕೆ. ವೈಲ್ಡರ್‌ನ 14 ದಿನ ಬರುವುದು ಮೊದಲ ಅವಧಿಯಲ್ಲಿ, ಜಗದೀಶ್ ಮತ್ತು ಟಿಟ್‌ಮನ್ ನೋಡಿದ್ದು ಎರಡನೆಯದನ್ನು. ಎಷ್ಟು ದಿನದ ಜೋರು ಎಂದು ಹೇಳದೆ ಮೊಮೆಂಟಮ್ ಎಂದಷ್ಟೇ ಹೇಳುವವನ ಮಾತಿಗೆ ನಾನಂತೂ ಬೆಲೆ ಕೊಡುವುದಿಲ್ಲ.

ಎರಡನೆಯ ಅವಧಿಯೂ ಸುಖದ ದಾರಿಯೇನಲ್ಲ. 2009ರ ಮಾರ್ಚ್‌ನಿಂದ ಮೇವರೆಗೆ ಅಮೆರಿಕದ ಪೇಟೆ ಪಾತಾಳದಿಂದ ಎದ್ದಾಗ ಹಿಂದೆ ಅತಿ ಹೆಚ್ಚು ಸೋತಿದ್ದ ಷೇರುಗಳ ಗುಂಪು ಶೇ 163 ಏರಿತು, ಗೆದ್ದಿದ್ದವುಗಳ ಗುಂಪು ಶೇ 8 ಮಾತ್ರ. ಸೋತವನ್ನು ಮಾರಿ ಕೂತವರ ಗತಿ ಕೇಳುವಂತಿರಲಿಲ್ಲ.

ನಮ್ಮಲ್ಲಿ ಈ ವಿದ್ಯೆ ಪರದೆಯ ಜತೆಗೇ ಹರಡಿತು. 1963ರಲ್ಲಿ ಶುರುವಾದ ಬೆಂಗಳೂರು ಷೇರು ವಿನಿಮಯ ಕೇಂದ್ರ ಕೂಗಿ ಕೊಳ್ಳುವ ಕಾಲದ್ದು. 1994ರಲ್ಲಿ ಎನ್‌ಎಸ್‌ಇಯ ಕಂಪ್ಯೂಟರ್ ವಹಿವಾಟು ಬಂದ ಮೇಲೆ ಕಳೆಗುಂದಿ 2014ರಲ್ಲಿ ಬಾಗಿಲು ಹಾಕಿತು. ಅಷ್ಟರಲ್ಲಿ, 2010ರಲ್ಲಿ, ಶಿವಮೊಗ್ಗ ಮೂಲದ ನಿತಿನ್ ಕಾಮತ್ ಬೆಂಗಳೂರಿನಲ್ಲಿ ಜೆರೋದಾ ಆರಂಭಿಸಿದ್ದರು. ಅದರ ವಾರ್ಸಿಟಿ ಎಂಬ ಉಚಿತ ಪಾಠಮಾಲೆಯಲ್ಲಿ ಆರ್‌ಎಸ್‌ಐಗೂ ಎಂಎಸಿಡಿಗೂ ಪಾಠಗಳಿವೆ. ಚಾರ್ಟ್ ನೋಡಲು ಬೆಂಗಳೂರಿನ ದಲಾಲಿ ಕಚೇರಿಗೆ ಹೋಗಬೇಕಿಲ್ಲ, ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೂತರೂ ಆದೀತು. 2020ರಲ್ಲಿ ಎನ್‌ಎಸ್‌ಇಯ ಸೂಚ್ಯಂಕ ಸಂಸ್ಥೆ ನಿಫ್ಟಿ 200 ಮೊಮೆಂಟಮ್ 30 ಎಂಬ ಸೂಚ್ಯಂಕ ತಂದಿತು. ಅದು 6 ಮತ್ತು 12 ತಿಂಗಳ ಏರಿಕೆಯನ್ನು, ಷೇರಿನ ಹೊಯ್ದಾಟಕ್ಕೆ ತೂಗಿ ನೋಡಿ, 30 ಷೇರುಗಳನ್ನು ಆರಿಸುತ್ತದೆ. ಪಟ್ಟಿ ಬದಲಾಗುವುದು ವರ್ಷಕ್ಕೆ ಎರಡು ಸಲ, ಜೂನ್ ಮತ್ತು ಡಿಸೆಂಬರಿನಲ್ಲಿ.

ಫೋನಿನಲ್ಲಿ ನಡೆಯುವುದು ಬೇರೆ. ದಿನದೊಳಗೇ ಕೊಂಡು ಮಾರುವ ಹುಡುಗ ಚಾರ್ಟನ್ನು ಐದು ನಿಮಿಷಕ್ಕೆ ಇಟ್ಟುಕೊಂಡಿರುತ್ತಾನೆ, ಆರ್‌ಎಸ್‌ಐ ಮಾತ್ರ ವೈಲ್ಡರ್ ಬಿಟ್ಟುಹೋದ 14ರಲ್ಲೇ ಇರುತ್ತದೆ. 14 ಐದಲಿ 70. ಚಂದ್ರನ ಅರ್ಧ ಆವರ್ತವೆಂದು ಹುಟ್ಟಿದ ಅಂಕಿ ಅವನ ಕೈಯಲ್ಲಿ 70 ನಿಮಿಷವಾಗಿದೆ. ಕೌಲ್ಸ್, ಲೆವಿ, ಜಗದೀಶ್ ಯಾರೂ 70 ನಿಮಿಷದ ಜೋರನ್ನು ಅಳೆದವರಲ್ಲ. ಅವನ ಎದುರು ಕೊಳ್ಳಲು ಮಾರಲು ಕೂತಿರುವುದು ಕ್ಷಣದ ಸಾವಿರದ ಒಂದು ಪಾಲಿನಲ್ಲಿ ಇದೇ ಲೆಕ್ಕ ಮಾಡಿ ಮುಗಿಸುವ ಯಂತ್ರಗಳು. ದಲಾಲಿ, ತೆರಿಗೆ ಪ್ರತಿ ಸಲವೂ ಕಡಿತ. ಸೆಬಿ 2024ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2022–23ರ ಲೆಕ್ಕ ಇದೆ: ಷೇರುಗಳಲ್ಲಿ ದಿನದೊಳಗಿನ ವಹಿವಾಟು ಮಾಡಿದವರಲ್ಲಿ 10ಕ್ಕೆ 7 ಮಂದಿ ಕಳೆದುಕೊಂಡಿದ್ದರು. 30 ವರ್ಷದೊಳಗಿನವರಲ್ಲಿ ಆ ಪ್ರಮಾಣ ಶೇ 76, ವರ್ಷಕ್ಕೆ 500ಕ್ಕಿಂತ ಹೆಚ್ಚು ಸಲ ಕೊಂಡು ಮಾರಿದವರಲ್ಲಿ ಶೇ 80.